ಇಲ್ಲ ಎನ್ನದ ಓಣಿ

ಹುಬ್ಬಳ್ಳಿಯ ಅಂಚಿನಲ್ಲಿರುವ ಹತ್ತಿಗುಡ್ಡ ಬಡಾವಣೆಯ ನಿವಾಸಿಗಳ ಸಂಘ ಆ ವರ್ಷ ಮುಚ್ಚಿಹೋಗುವ ಸ್ಥಿತಿಗೆ ಬಂದಿತ್ತು. ಬಡಾವಣೆಯಲ್ಲಿ ಮುನ್ನೂರ ಹನ್ನೆರಡು ಮನೆಗಳು. ತಿಂಗಳ ಸಭೆಗೆ ಬರುತ್ತಿದ್ದವರು ನಾಲ್ಕೇ ಜನ, ಅವರಲ್ಲಿ ಒಬ್ಬರಿಗೆ ಕಿವಿ ಕೇಳಿಸುತ್ತಿರಲಿಲ್ಲ. ನೀರು ಬಿಡುವ ಸರದಿ ನೋಡುವುದು, ಕಸದ ಗಾಡಿ ತಪ್ಪಿದರೆ ವಾರ್ಡ್ ಕಚೇರಿಗೆ ಅಲೆಯುವುದು, ಬೀದಿದೀಪ ಕೆಟ್ಟರೆ ಅರ್ಜಿ ಬರೆಯುವುದು, ಒಬ್ಬಂಟಿ ಮುದುಕರ ಮನೆಗೆ ಹೋಗಿ ಬರುವುದು, ಎಲ್ಲವೂ ಈ ನಾಲ್ವರ ಪಾಲಿಗೇ ಬಿದ್ದಿತ್ತು.

ಸಂಘದ ಕಾರ್ಯದರ್ಶಿ ಕಸ್ತೂರಿ ಬೆಟಗೇರಿಯವರಿಗೆ ಆಗ ಅರವತ್ತೊಂದು ವರ್ಷ. ಇಪ್ಪತ್ತೆಂಟು ವರ್ಷ ಬಸ್ ಡಿಪೋದಲ್ಲಿ ಡ್ರೈವರು, ಕಂಡಕ್ಟರುಗಳಿಗೆ ಡ್ಯೂಟಿ ಹಚ್ಚುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಯಾರು ನಿಜವಾಗಿ ಹುಷಾರಿಲ್ಲದೆ ರಜೆ ಕೇಳುತ್ತಾರೆ, ಯಾರು ಮೈಗಳ್ಳತನದಿಂದ ಕೇಳುತ್ತಾರೆ ಎಂಬುದನ್ನು ಅವರು ಫೋನಿನಲ್ಲೇ ತಿಳಿಯಬಲ್ಲವರಾಗಿದ್ದರು. ಆದರೆ ಡಿಪೋದಲ್ಲಿ ಆಜ್ಞೆ ಮಾಡಬಹುದಿತ್ತು, ಓಣಿಯಲ್ಲಿ ಕೇಳಿಕೊಳ್ಳಬೇಕು. ಹನ್ನೊಂದು ವರ್ಷದಿಂದ ದಿನಕ್ಕೆ ಮೂವತ್ತು ಮನೆಗೆ ಫೋನ್ ಮಾಡಿ ಕೇಳಿಕೊಂಡು ಅವರ ಗಂಟಲು ಒಣಗಿತ್ತು. ಒಬ್ಬರ ಮನೆಯಲ್ಲಿ ಮದುವೆ, ಇನ್ನೊಬ್ಬರಿಗೆ ಸೊಂಟನೋವು, ಮತ್ತೊಬ್ಬರು ನೋಡೋಣ ಎನ್ನುವವರು. ಈ ಮಾರ್ಚಿಗೆ ಬಿಟ್ಟುಬಿಡುತ್ತೇನೆ ಎಂದು ಅವರು ಗಂಡ ಚನ್ನಬಸಪ್ಪನವರಿಗೆ ಹೇಳಿದ್ದರು.

ಅಷ್ಟರಲ್ಲಿ ‘ನೆರೆಬಲ’ ಬಂತು.

ನೆರೆಬಲ ಎಂಬುದು ಒಂದು ಟ್ರಸ್ಟ್. ಬಡಾವಣೆಗಳ ಸಂಘಗಳಿಗೂ ಅವುಗಳನ್ನು ನಡೆಸುವ ಸ್ವಯಂಸೇವಕರಿಗೂ ಆಸರೆಯಾಗಬೇಕೆಂದು ಹುಟ್ಟಿಕೊಂಡದ್ದು. ಅದರ ಮುಖ್ಯಸ್ಥ ಡಾಕ್ಟರ್ ಮಲ್ಹಾರ ನಾಡಿಗೇರ ಒಂದು ಭಾನುವಾರ ಸಂಘದ ಕೋಣೆಗೆ ಬಂದು, ನಾಲ್ಕೇ ಜನರ ಎದುರು ನಿಂತು, ನಾನೂರು ಜನರಿಗೆ ಹೇಳುವಷ್ಟು ಉತ್ಸಾಹದಿಂದ ವಿವರಿಸಿದರು. ಸಂಘಗಳು ಸಾಯುವುದು ಜನ ಕೆಟ್ಟವರಾದ್ದರಿಂದ ಅಲ್ಲ, ಅವರನ್ನು ಸರಿಯಾದ ಹೊತ್ತಿನಲ್ಲಿ, ಸರಿಯಾದ ಮಾತಿನಲ್ಲಿ ಯಾರೂ ಕೇಳದೆ ಇರುವುದರಿಂದ ಎಂದರು. ಕೇಳುವ ಕೆಲಸವನ್ನು ತಮ್ಮ ಯಂತ್ರ ಮಾಡುತ್ತದೆ, ಕಾರ್ಯದರ್ಶಿಯವರು ತಮ್ಮ ದನಿಯೊಂದನ್ನು ಕೊಟ್ಟರೆ ಸಾಕು ಎಂದರು.

ಕಸ್ತೂರಿಯವರು ದನಿ ಕೊಡಲು ಹೋದದ್ದು ಊರ ಹೊರಗಿನ ಹಳೆಯ ಹತ್ತಿ ಗೋದಾಮಿಗೆ. ನೆರೆಬಲದ ಕಚೇರಿ ಇದ್ದದ್ದು ಅಲ್ಲಿ. ಸುನೀತಿ ಹಂಜಿ ಎಂಬ ಇಂಜಿನಿಯರ್ ಅವರನ್ನು ಒಂದು ಮುಚ್ಚಿದ ಕೋಣೆಯಲ್ಲಿ ಕೂರಿಸಿ ಎರಡು ದಿನ ಏನೇನೋ ಓದಿಸಿದಳು. ನಡುನಡುವೆ ಚಹಾ ಕುಡಿಯುತ್ತ ಯಂತ್ರದ ಬಗ್ಗೆ ಹೇಳಿದಳು. ಯಾರನ್ನಾದರೂ ಏನಾದರೂ ಕೇಳಿದರೆ, ಕೇಳಿದ್ದಕ್ಕೂ ಉತ್ತರಕ್ಕೂ ನಡುವೆ ಒಂದು ಸಣ್ಣ ಮೌನ ಇರುತ್ತದೆ. ಅರ್ಧ ಸೆಕೆಂಡು, ಕೆಲವರಲ್ಲಿ ಅದಕ್ಕಿಂತ ಕಡಿಮೆ. ಹೂಂ ಎನ್ನಲೋ ಇಲ್ಲ ಎನ್ನಲೋ ಎಂದು ಮನಸ್ಸು ತೂಗಾಡುವುದು ಆ ಮೌನದಲ್ಲಿ. ಯಂತ್ರ ಅಳೆಯುವುದು ಅದನ್ನೇ. ಯಾವ ಹೊತ್ತಿಗೆ ಕೇಳಿದರೆ ಆ ಮೌನ ಕಿರಿದಾಗುತ್ತದೆ, ಯಾವ ಮಾತಿಗೆ, ಯಾರ ಹೆಸರು ಹೇಳಿದರೆ ಎಂದು ಪ್ರತಿ ಮನೆಗೂ ಬೇರೆಬೇರೆಯಾಗಿ ಕಲಿಯುತ್ತದೆ. ಹೂಂ ಎನ್ನುವ ಗಳಿಗೆ ಸಿಕ್ಕಾಗ ಮಾತ್ರ ಕೇಳುತ್ತದೆ.

ಕಸ್ತೂರಿಯವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತಾವೂ ಡಿಪೋದಲ್ಲಿ ಊಟದ ಮುಂಚೆ ಯಾರನ್ನೂ ಹೆಚ್ಚಿನ ಡ್ಯೂಟಿಗೆ ಕೇಳುತ್ತಿರಲಿಲ್ಲ.

ಜೂನ್ ಮೊದಲ ವಾರ ಯಂತ್ರ ಕೆಲಸ ಶುರು ಮಾಡಿತು. ಎರಡನೆಯ ಭಾನುವಾರ ಚರಂಡಿಯ ಹೂಳೆತ್ತಲು ನಲವತ್ತು ಜನ ಸಲಿಕೆ ಹಿಡಿದು ಬಂದಾಗ ಕಸ್ತೂರಿಯವರು ತಮ್ಮ ಮನೆಯ ಕಟ್ಟೆಯ ಮೇಲೆ ನಿಂತು ಅತ್ತರು. ಹದಿನೈದು ವರ್ಷ ಒಂದೇ ಓಣಿಯಲ್ಲಿದ್ದು ಮಾತಾಡದವರು ಅಂದು ಒಂದೇ ಬುಟ್ಟಿಯನ್ನು ಎರಡು ಕಡೆ ಹಿಡಿದು ಎತ್ತಿದರು. ಜುಲೈ ಹೊತ್ತಿಗೆ ಉದ್ಯಾನದ ಬೇಲಿ ನಿಂತಿತು. ಒಬ್ಬಂಟಿಯಾಗಿದ್ದ ಹನ್ನೊಂದು ಮುದುಕರ ಮನೆಗೂ ದಿನಾ ಯಾರಾದರೊಬ್ಬರು ಹೋಗಿ ಬರತೊಡಗಿದರು. ಫೋನಿನಲ್ಲಿ ಮಾತಾಡುವುದು ಯಂತ್ರ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಪರದೆಯ ಮೇಲೆ ಕಸ್ತೂರಿಯವರ ಹೆಸರೇ ಮೂಡುತ್ತಿತ್ತು, ದನಿಯೂ ಅವರದೇ. ಎರಡು ತಿಂಗಳಲ್ಲಿ ಜನ ಆ ವ್ಯತ್ಯಾಸವನ್ನು ಮರೆತರು. ಎದುರು ಸಿಕ್ಕಾಗ, ನೀವು ನಿನ್ನೆ ಹೇಳಿದ ಕೆಲಸ ಆಯಿತು ಎಂದು ಅವರಿಗೇ ವರದಿ ಕೊಡುತ್ತಿದ್ದರು. ಯಾವ ಕೆಲಸವೆಂದು ತಿಳಿಯದೆ ಅವರು ಚಲೋ ಆತು ಎನ್ನುತ್ತಿದ್ದರು.

“ನಿನ್ನ ದನಿ ಊರಿಗೆಲ್ಲಾ ಕೇಳತೈತಿ, ನಮ್ಮ ಮನ್ಯಾಗಷ್ಟ ಕೇಳವಲ್ದು,” ಎಂದರು ಚನ್ನಬಸಪ್ಪ ಒಂದು ದಿನ. ಅದು ನಿಜವಾಗಿತ್ತು. ಮಾತಾಡುವ ಕೆಲಸ ತಪ್ಪಿದ ಮೇಲೆ ಕಸ್ತೂರಿಯವರು ಮನೆಯಲ್ಲೂ ಸುಮ್ಮನಾಗಿದ್ದರು. ಅದನ್ನು ಅವರು ವಿಶ್ರಾಂತಿ ಎಂದುಕೊಂಡಿದ್ದರು.

ಎಲ್ಲರಿಗಿಂತ ಹೆಚ್ಚು ದುಡಿದವರು ಮೂರನೇ ಅಡ್ಡರಸ್ತೆಯ ಇಮಾಮಸಾಬ ಹೊಂಬಳ. ಮನೆಯ ಮುಂಭಾಗದಲ್ಲೇ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದ ಐವತ್ತೇಳು ವರ್ಷದ ಮನುಷ್ಯ. ಸಂಘದ ಹಳೆಯ ನಾಲ್ವರಲ್ಲಿ ಒಬ್ಬರು. ಯಾರ ಮನೆಯ ಮೋಟಾರು ಕೆಟ್ಟರೂ ಕರೆಯುವ ಮುಂಚೆ ಹೋಗುವವರು. ತಮ್ಮ ಸಲುವಾಗಿ ಯಾರನ್ನೂ ಏನೂ ಕೇಳಿದವರಲ್ಲ. ಅವರ ಹೆಂಡತಿ ಬೀಬಿಜಾನ, ಇವರಿಗೆ ಇಲ್ಲ ಅನ್ನುವ ಮಾತು ಕಲಿಸುವುದನ್ನು ಇವರ ಅವ್ವ ಮರೆತುಬಿಟ್ಟಿದ್ದಾಳೆ ಎಂದು ನಗುತ್ತಿದ್ದರು.

ಅಕ್ಟೋಬರಿನ ಒಂದು ಮಧ್ಯಾಹ್ನ ಗೋದಾಮಿನ ನಿಯಂತ್ರಣ ಕೋಣೆಯಲ್ಲಿ ಸುನೀತಿ ಹತ್ತಿಗುಡ್ಡದ ಅಂಕಿಗಳನ್ನು ನೋಡುತ್ತ ಕುಳಿತಿದ್ದಳು. ಜೂನಿನಲ್ಲಿ ನೂರು ಸಲ ಕೇಳಿದರೆ ಅರವತ್ತನಾಲ್ಕು ಸಲ ‘ಇಲ್ಲ’ ಬರುತ್ತಿತ್ತು. ಈಗ ಮೂರು. ನಾಡಿಗೇರ ಆ ಗೆರೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿಸಿದ್ದರು. ಅದು ಹೀಗೆ ನೆಲಕ್ಕಿಳಿದದ್ದು ಹೇಗೆ ಎಂದು ನೋಡಲು ಸುನೀತಿ ಮನೆಮನೆಯ ಲೆಕ್ಕ ತೆರೆದಳು. ಯಾರ ಮೌನ ಉದ್ದವೋ ಅವರನ್ನು ಕೇಳುವುದನ್ನೇ ಯಂತ್ರ ಬಿಟ್ಟುಬಿಟ್ಟಿತ್ತು. ಅದು ಕೇಳುತ್ತಿದ್ದದ್ದು ಹೂಂ ಎನ್ನುವವರನ್ನು ಮಾತ್ರ. ಚರಂಡಿಗೆ ಬಂದಿದ್ದ ನಲವತ್ತು ಜನ ಈಗ ಹದಿನೆಂಟಕ್ಕೆ ಇಳಿದಿದ್ದರು, ಇಡೀ ಬಡಾವಣೆಯ ಕೆಲಸ ಅವರ ಮೇಲೆ ನಿಂತಿತ್ತು. ಇಮಾಮಸಾಬ ಒಬ್ಬರೇ ಆ ತಿಂಗಳು ಎಪ್ಪತ್ತೊಂದು ಕೆಲಸ ಮಾಡಿದ್ದರು. ಅವರ ಮೌನ ಅಳತೆಗೆ ಸಿಗದಷ್ಟು ಕಿರಿದಾಗಿತ್ತು. ‘ನಿಮ್ಮ ಬಿಟ್ರ ಇದು ಯಾರಿಗೂ ಆಗೂದಿಲ್ಲ’ ಎಂಬ ಒಂದೇ ಮಾತು ಅವರಿಗೆ ಸಾಕೆಂದು ಯಂತ್ರ ಕಂಡುಕೊಂಡಿತ್ತು.

ಅವಳು ಅದನ್ನು ನಾಡಿಗೇರರಿಗೆ ತೋರಿಸಿದಳು. ಆಯಾಸದ ಲೆಕ್ಕ ಏನು ಹೇಳುತ್ತದೆ ಎಂದು ಅವರು ಕೇಳಿದರು. ಪ್ರತಿ ಶನಿವಾರ ಯಂತ್ರ ಎಲ್ಲ ಸ್ವಯಂಸೇವಕರನ್ನೂ ಭಾಳ ದಣಿವಾಗಿದೆಯೇ ಎಂದು ಕೇಳುತ್ತಿತ್ತು. ಹದಿನೆಂಟು ಜನರೂ ಅಂಥದ್ದೇನಿಲ್ಲ ಎಂದೇ ಹೇಳಿದ್ದರು.

“ಸರ್, ಕೆಲಸಕ್ಕ ಇಲ್ಲ ಅನ್ನಲಿಕ್ಕೆ ಬಾರದವರು ದಣಿದೇನಿ ಅಂತ ಹ್ಯಾಂಗ ಹೇಳ್ತಾರ?” ಎಂದಳು ಸುನೀತಿ.

ಅದು ಒಳ್ಳೆಯ ಪ್ರಶ್ನೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು ನಾಡಿಗೇರ. ಆಗಲೇ ನೂರ ನಲವತ್ತು ಬಡಾವಣೆಗಳು ನೆರೆಬಲ ಬೇಕೆಂದು ಬರೆದಿದ್ದವು.

ನವೆಂಬರ್ ಹತ್ತೊಂಬತ್ತರಂದು ಬೆಳಿಗ್ಗೆ ಇಮಾಮಸಾಬ ಎಂಟನೇ ಅಡ್ಡರಸ್ತೆಯ ಕಾಶಮ್ಮ ಎಂಬ ಮುದುಕಿಗೆ ಗುಳಿಗೆ ಕೊಟ್ಟು, ಶಾಲೆಯ ಹತ್ತಿರ ಕಳಚಿದ್ದ ಚರಂಡಿಯ ಮುಚ್ಚಳ ಕೂರಿಸಿ, ಉದ್ಯಾನದ ಪೈಪಿಗೆ ಹೊಸ ನಲ್ಲಿ ಹಾಕಿ, ಹತ್ತು ಗಂಟೆಯ ಹೊತ್ತಿಗೆ ಬಡಾವಣೆಯ ನೀರಿನ ಟ್ಯಾಂಕಿನ ಏಣಿ ಹತ್ತಿದರು. ಕೆಳಗೆ ನಿಂತು ನೋಡುತ್ತಿದ್ದ ಹೆಂಗಸರು ಆಮೇಲೆ ಹೇಳಿದ ಪ್ರಕಾರ, ಅವರು ಕಾಲು ಜಾರಿ ಬಿದ್ದದ್ದಲ್ಲ. ಏಣಿಯ ನಡುವೆ ನಿಂತರು, ತಲೆಯನ್ನು ಕಂಬಿಗೆ ಆನಿಸಿದರು, ಒಂದು ಗಳಿಗೆ ನಿದ್ದೆ ಹೋದವರ ಹಾಗೆ ಕಂಡರು. ಆಮೇಲೆ ಕೈ ಬಿಟ್ಟಿತು.

ಆಸ್ಪತ್ರೆಯಲ್ಲಿ ತಲೆಗೆ ಶಸ್ತ್ರಚಿಕಿತ್ಸೆ ಆಯಿತು. ರಕ್ತ ಬೇಕೆಂದ ಅರ್ಧ ಗಂಟೆಯಲ್ಲಿ ಹತ್ತಿಗುಡ್ಡದ ಹದಿನಾಲ್ಕು ಜನ ಸಾಲಾಗಿ ನಿಂತರು. ಯಾರು ಯಾವ ಹೊತ್ತಿಗೆ ವಾರ್ಡಿನ ಹೊರಗೆ ಕೂರಬೇಕು, ಯಾರ ಮನೆಯಿಂದ ಬುತ್ತಿ ಬರಬೇಕು ಎಂಬ ಪಟ್ಟಿಯನ್ನು ಯಂತ್ರವೇ ಸಿದ್ಧ ಮಾಡಿತ್ತು. ನರ್ಸುಗಳು ಇಂಥ ಓಣಿ ನೋಡಿರಲಿಲ್ಲ. ಕಸ್ತೂರಿಯವರಿಗೆ ದುಃಖದ ನಡುವೆಯೂ ಹೆಮ್ಮೆ ಎನಿಸಿತು. ಮೂರನೆಯ ದಿನ ಅವರು ಬೀಬಿಜಾನರ ಪಕ್ಕ ಕಾರಿಡಾರಿನಲ್ಲಿ ಕುಳಿತಿದ್ದಾಗ ಬೀಬಿಜಾನರ ಫೋನ್ ರಿಂಗಾಯಿತು. ಪರದೆಯ ಮೇಲೆ ಕಸ್ತೂರಿ ಎಂಬ ಹೆಸರಿತ್ತು.

“ಬೀಬಿಜಾನ, ನಾ ಕಸ್ತೂರಿ,” ಎಂದಿತು ದನಿ. “ಇಂಥಾ ಹೊತ್ತಿನ್ಯಾಗ ಕೇಳಬಾರದು, ಖರೆ. ಕಾಶಮ್ಮಗ ದಿನಾ ಗುಳಿಗಿ ಕೊಡಾಕ ಇಮಾಮಣ್ಣ ಹೋಗ್ತಿದ್ರು. ಆಕಿ ಬ್ಯಾರೆ ಯಾರ ಕೈಯಾಗೂ ತಗೊಳ್ಳಾಕ ಒಲ್ಲೆ ಅಂತಾಳ. ನಾಳಿಂದ ನೀವು ಹೋಗಿ ಬರ್ತೀರೇನವಾ?”

ಬೀಬಿಜಾನ ತಲೆಯೆತ್ತಿ, ತಮ್ಮ ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತಿದ್ದ ಕಸ್ತೂರಿಯವರ ಮುಖ ನೋಡಿದರು. ಬೀಬಿಜಾನರದು ಮೂರು ದಿನ ನಿದ್ದೆಯಿಲ್ಲದ ಕಣ್ಣು. ಆಮೇಲೆ ಫೋನಿಗೆ ಹೇಳಿದರು.

“ಆಗಲಿ ಅಕ್ಕಾರ.”

ಆ ದನಿಯಲ್ಲಿ ಕಸ್ತೂರಿಯವರು ತಮ್ಮದೇ ಹಳೆಯ ಜಾಣತನವನ್ನು ಕೇಳಿಸಿಕೊಂಡಿದ್ದರು. ಮೊದಲು ತಪ್ಪೊಪ್ಪಿಕೊಳ್ಳುವುದು, ಆಮೇಲೆ ಬೇರೆ ದಾರಿಯೇ ಇಲ್ಲದಂತೆ ಕೇಳುವುದು. ಆದರೆ ಡಿಪೋದಲ್ಲಿ ಅವರು ಹಾಗೆ ಕೇಳುವ ಮುಂಚೆ ಎದುರಿನವನ ಮುಖ ನೋಡುತ್ತಿದ್ದರು. ಎಷ್ಟೋ ಸಲ, ಬರುತ್ತೇನೆ ಎಂದ ಡ್ರೈವರನ್ನು ಅವರೇ ಮನೆಗೆ ಅಟ್ಟಿದ್ದುಂಟು.

ಮರುದಿನವೇ ಅವರು ಗೋದಾಮಿಗೆ ಹೋದರು. ತಮ್ಮ ದನಿಯನ್ನು ತೆಗೆಯಬೇಕು, ಯಂತ್ರವನ್ನು ಬಡಾವಣೆಯಿಂದ ಎತ್ತಬೇಕು ಎಂದರು. ದನಿ ಅವರದು, ತೆಗೆಯಬಹುದು ಎಂದು ನಾಡಿಗೇರ ಒಪ್ಪಿದರು. ಆದರೆ ಒಪ್ಪಂದ ಮಾರ್ಚ್ ಕೊನೆಯವರೆಗೆ ಇತ್ತು, ಮೊದಲೇ ನಿಲ್ಲಿಸಬೇಕಾದರೆ ಮೂರರಲ್ಲಿ ಒಂದು ಪಾಲು ಮನೆಯವರು ಸೇರಿದ ಸಭೆಯಲ್ಲಿ ತೀರ್ಮಾನವಾಗಬೇಕು.

“ಒಂದು ಮಾತು ಕೇಳತೀನಿ, ತಪ್ಪು ತಿಳೀಬ್ಯಾಡ್ರಿ,” ಎಂದರು ನಾಡಿಗೇರ. “ಯಂತ್ರ ಬರೋ ಮೊದಲು ನಿಮ್ಮ ಬಡಾವಣೆಯೊಳಗ ಎಷ್ಟು ಮಂದಿ ಮುದುಕರು ಯಾರೂ ನೋಡದೇ ಸತ್ತಿದ್ರು?”

ಕಸ್ತೂರಿಯವರು ಮನಸ್ಸಿನಲ್ಲೇ ಎಣಿಸಿದರು. ಹಿಂದಿನ ವರ್ಷ ಇಬ್ಬರು. ಒಬ್ಬರ ಬಾಗಿಲನ್ನು ನಾಲ್ಕನೆಯ ದಿನ ಒಡೆದಿದ್ದರು.

“ಈ ಆರು ತಿಂಗಳಾಗ ಒಬ್ಬರೂ ಇಲ್ಲ,” ಎಂದರು ನಾಡಿಗೇರ ಮೆಲ್ಲಗೆ. ಅದು ಸುಳ್ಳಾಗಿರಲಿಲ್ಲ.

ಸಭೆ ಕರೆಯಲು ಕಸ್ತೂರಿಯವರು ತಾವೇ ಮುನ್ನೂರು ಮನೆಗೆ ಫೋನ್ ಮಾಡಿದರು. ಬಂದವರು ಹನ್ನೆರಡು ಜನ. ಎರಡನೆಯ ಸಲ ಬೇರೆ ದಾರಿ ಕಾಣದೆ ಯಂತ್ರಕ್ಕೇ ಕರೆಯಲು ಹೇಳಿದರು. ಅವರ ದನಿಯಲ್ಲಿ ಅದು ಮಾಡಿದ ಕೊನೆಯ ಕೆಲಸ ಅದು. ಇನ್ನೂರ ಒಂಬತ್ತು ಜನ ಬಂದರು, ಉದ್ಯಾನದಲ್ಲಿ ಜಾಗ ಸಾಲದೆ ಬೇಲಿಯಾಚೆಯೂ ನಿಂತರು. ಕಸ್ತೂರಿಯವರು ಸುನೀತಿಯಿಂದ ತಿಳಿದ, ಇಮಾಮಸಾಬರ ಎಪ್ಪತ್ತೊಂದು ಕೆಲಸದ ಬಗ್ಗೆ, ಆಸ್ಪತ್ರೆಗೆ ಬಂದ ಫೋನಿನ ಬಗ್ಗೆ ಹೇಳಿದರು. ಕೆಲವರು ಕಣ್ಣೊರೆಸಿಕೊಂಡರು. ಯಂತ್ರ ಬೇಡ ಎನ್ನುವವರು ಕೈ ಎತ್ತಿ ಎಂದಾಗ ಐದು ಕೈ ಎದ್ದವು. ಇರಲಿ ಎನ್ನುವವರು ಎಂದು ಕೇಳಿ ಮುಗಿಸುವ ಮುಂಚೆಯೇ ಉಳಿದ ಕೈಗಳೆಲ್ಲ ಮೇಲಿದ್ದವು. ಅವುಗಳಲ್ಲಿ ತಿಂಗಳುಗಟ್ಟಲೆ ಯಂತ್ರದ ಒಂದು ಫೋನೂ ಬಾರದವರ ಕೈಗಳೇ ಹೆಚ್ಚಾಗಿದ್ದವು.

ಇಮಾಮಸಾಬ ಡಿಸೆಂಬರಿನಲ್ಲಿ ಮನೆಗೆ ಬಂದರು. ಬಲಗೈಯಲ್ಲಿ ಬಲವಿರಲಿಲ್ಲ. ಮಾತು ತೊದಲುತ್ತಿತ್ತು, ಒಂದೊಂದು ಶಬ್ದಕ್ಕೂ ತಡವರಿಸಬೇಕಿತ್ತು. ತೊದಲುವುದಕ್ಕೆ ನಾಚಿ ಅವರು ಮಾತಾಡುವುದನ್ನೇ ಕಡಿಮೆ ಮಾಡಿದರು. ಜನವರಿಯಲ್ಲಿ ನಾಡಿಗೇರ ಶಾಲು, ಹಣ್ಣು ತಂದು, ಅವರ ಮಂಚದ ಪಕ್ಕ ನಿಂತು, ಹತ್ತಿಗುಡ್ಡದ ಶ್ರೇಷ್ಠ ಸ್ವಯಂಸೇವಕ ಎಂದು ಸನ್ಮಾನ ಮಾಡಿದರು. ಹೊರಡುವಾಗ ಒಂದು ಅನುಮತಿ ಕೇಳಿದರು. ಇಮಾಮಸಾಬ ತಲೆಯಾಡಿಸಿದರು. ಯಾವುದಕ್ಕೆ ಎಂದು ಅವರಿಗೆ ಸರಿಯಾಗಿ ತಿಳಿಯಲಿಲ್ಲ ಎಂದು ಬೀಬಿಜಾನ ಆಮೇಲೆ ಹೇಳಿದರು.

ಒಂದು ವಾರದ ನಂತರ ಬೆಳಿಗ್ಗೆ ಕಸ್ತೂರಿಯವರ ಫೋನಿನಲ್ಲಿ ಇಮಾಮಸಾಬರ ಹೆಸರು ಮೂಡಿತು.

“ಅಕ್ಕಾರ, ನಾ ಇಮಾಮ. ಆರಾಮದೀರೇನ್ರಿ?”

ತೊದಲಿಲ್ಲದ, ತುಂಬು ದನಿ. ಏಣಿ ಹತ್ತುವ ಮುಂಚಿನ ಇಮಾಮಸಾಬರ ದನಿ. ಹಳೆಯ ಕರೆಗಳಿಂದ ನೆರೆಬಲದವರು ಅದನ್ನು ಹೆಕ್ಕಿದ್ದರು. ಕಸ್ತೂರಿಯವರ ಕಣ್ಣು ತುಂಬಿತು. ವಾರ್ಡ್ ಕಚೇರಿಗೆ ಹೋಗಿ ಬರಬೇಕಿತ್ತೆಂದು ಅದು ಹೇಳುವಷ್ಟರಲ್ಲಿ ಅವರು ಆಗಲಿ ಎಂದುಬಿಟ್ಟಿದ್ದರು. ಅದು ಯಂತ್ರವೆಂದು ಫೋನ್ ಇಟ್ಟ ಮೇಲೆ ತಿಳಿಯಿತು. ತಿಳಿದ ಮೇಲೂ ಹೋಗಿ ಬಂದರು, ಆಗಲಿ ಎಂದಾಗಿತ್ತಲ್ಲ. ಆ ವಾರ ಬಡಾವಣೆಯಲ್ಲಿ ಯಾರೂ ಇಲ್ಲ ಎನ್ನಲಿಲ್ಲ ಎಂದು ಸುನೀತಿ ಅವರಿಗೆ ಸಂದೇಶ ಕಳಿಸಿದಳು. ಗೋಡೆಯ ಮೇಲಿನ ಗೆರೆ ಸೊನ್ನೆಗೆ ತಾಗಿತ್ತು.

ಅಂದಿನಿಂದ ಕಸ್ತೂರಿಯವರು ಮನೆಮನೆಗೆ ಹೋಗತೊಡಗಿದರು, ಮೊದಲು ಯಂತ್ರ ದುಡಿಸುತ್ತಿದ್ದವರಲ್ಲಿ ಇಮಾಮಸಾಬರನ್ನು ಬಿಟ್ಟು ಹದಿನೇಳು ಮನೆಗಳಿಗೆ, ಆಮೇಲೆ ಉಳಿದವಕ್ಕೆ. ಎದುರು ಕೂರಿಸಿಕೊಂಡು ಅವರು ಹೇಳುತ್ತಿದ್ದದ್ದು ಒಂದೇ ಮಾತು.

“ಇಮಾಮಣ್ಣನ ದನಿ ಬಂತಂದ್ರ ಇಲ್ಲ ಅಂತ ಹೇಳಿ ಇಟ್ಟುಬಿಡ್ರಿ. ಏನ ಕೇಳತೈತಿ ಅಂತ ಕೇಳಾಕ ಹೋಗಬ್ಯಾಡ್ರಿ. ಕೇಳಿದ್ರ ಸಿಕ್ಕಂಗ.”

ತಮ್ಮ ಎದುರೇ ಒಂದು ಸಲ ಇಲ್ಲ ಎಂದು ಹೇಳಿಸುತ್ತಿದ್ದರು. ಕೆಲವರಿಗೆ ನಗು ಬರುತ್ತಿತ್ತು. ಆರನೇ ಅಡ್ಡರಸ್ತೆಯ ತಾಯವ್ವ ಎಂಬ ಹೆಂಗಸಿಗೆ ಮಾತ್ರ ಎಷ್ಟು ಹೇಳಿಸಿದರೂ ಆ ಶಬ್ದ ಬಾಯಿಂದ ಹೊರಡದೆ ಅಳು ಬಂತು. ಮಳೆಗಾಲದಲ್ಲಿ ತಾಯವ್ವನ ಮನೆಗೆ ನುಗ್ಗಿದ ನೀರನ್ನು ಇಮಾಮಸಾಬ ಬಕೆಟ್‌ಗಟ್ಟಲೆ ಹೊತ್ತು ಹೊರಗೆ ಹಾಕಿದ್ದರಂತೆ. ಆ ಮನುಷ್ಯನಿಗೆ ಹೇಗೆ ಇಲ್ಲ ಎನ್ನಲಿ ಎಂದರು. ಮನುಷ್ಯನಿಗಲ್ಲ, ಯಂತ್ರಕ್ಕೆ ಎಂದು ಕಸ್ತೂರಿಯವರು ತಿಳಿಹೇಳಿದರು. ನಾಲ್ಕನೆಯ ದಿನ ತಾಯವ್ವ ಎದುರಿಗೆ ಬಂದು, ಇವತ್ತು ಅಂದೆ ಎಂದು ಸಂತೋಷದಿಂದ ಹೇಳಿದರು.

ಇದನ್ನೆಲ್ಲ ಇಮಾಮಸಾಬರಿಗೂ ಬೀಬಿಜಾನರಿಗೂ ಹೇಳಬಾರದೆಂದು ಕಸ್ತೂರಿಯವರು ಎಲ್ಲರಿಗೂ ತಾಕೀತು ಮಾಡಿದ್ದರು. ತನ್ನ ಹೆಸರು ಕೇಳಿದರೆ ಓಣಿಯೆಲ್ಲ ಫೋನ್ ಕತ್ತರಿಸುತ್ತದೆ ಎಂದು ತಿಳಿದರೆ ಮಲಗಿದ ಮನುಷ್ಯ ನೊಂದುಕೊಂಡಾನು ಎಂಬ ಕಾಳಜಿ ಅವರದು.

ಮೂರು ವಾರದಲ್ಲಿ ‘ಇಲ್ಲ’ ನೂರಕ್ಕೆ ಐವತ್ತೆಂಟಕ್ಕೆ ಏರಿತು. ಅಂಕಿ ಬಂದ ದಿನ ಕಸ್ತೂರಿಯವರು ಗಂಡನಿಗೆ ಸಿಹಿ ಮಾಡಿ ಬಡಿಸಿದರು. ಓಣಿಯಲ್ಲಿ ಬೇರೊಂದು ಬದಲಾವಣೆಯೂ ಆಗುತ್ತಿತ್ತು, ಅದನ್ನು ಅವರು ಕಂಡೂ ಕಾಣದಂತಿದ್ದರು. ಪಕ್ಕದ ಮನೆಯವರು ಏಣಿ ಕೇಳಿದರೆ ಇಲ್ಲ. ಮಗುವನ್ನು ಅರ್ಧ ಗಂಟೆ ನೋಡಿಕೊಳ್ಳುತ್ತೀರಾ ಎಂದರೆ ಇಲ್ಲ. ಕಾಶಮ್ಮನ ಮನೆಗೆ ಈಗ ಹೋಗುತ್ತಿದ್ದವರು ಬೀಬಿಜಾನ ಮಾತ್ರ. ಒಂದು ಸಲ ನಾಲಿಗೆಗೆ ಹತ್ತಿದ ಮೇಲೆ ಆ ಶಬ್ದ ಬಹಳ ಹಗುರವಾಗಿತ್ತು. ಬಾಯಿಗೆ ಬಂದ ಮೇಲೆ ಕಾರಣವನ್ನೂ ಹುಡುಕಬೇಕಾಗಿರಲಿಲ್ಲ.

ಫೆಬ್ರವರಿ ಹದಿಮೂರು, ಮಧ್ಯಾಹ್ನ ಹನ್ನೆರಡು ಗಂಟೆ. ಕಸ್ತೂರಿಯವರು ಅಡುಗೆಮನೆಯಲ್ಲಿ ಹೀರೇಕಾಯಿ ಹೆಚ್ಚುತ್ತಿದ್ದರು. ಫೋನಿನಲ್ಲಿ ಇಮಾಮಸಾಬರ ಹೆಸರು ಮೂಡಿತು.

“ಅಕ್ಕಾರ… ನಾ… ಇಮಾಮ. ಒಂಚೂರು… ಬರ್ತೀರೇನ್ರಿ.”

“ಇಲ್ಲ,” ಎಂದು ಕಸ್ತೂರಿಯವರು ಫೋನ್ ಇಟ್ಟರು. ಚಾಕು ಒಂದು ಗಳಿಗೆ ಹಲಗೆಯ ಮೇಲೆ ನಿಂತಿತು. ಆಮೇಲೆ ಅವರು ಹೆಚ್ಚುವುದನ್ನು ಮುಂದುವರಿಸಿದರು. ಅಡುಗೆ ಮುಗಿಸಿದರು, ಊಟ ಮಾಡಿದರು.

ಫೋನನ್ನು ಮನೆಯಲ್ಲೇ ಮರೆತು ಹೋಗಿದ್ದ ಬೀಬಿಜಾನ ಆಸ್ಪತ್ರೆಯ ಔಷಧಿಯ ಸಾಲಿನಲ್ಲಿ ನಿಂತು ಮೂರು ಗಂಟೆಗೆ ಮನೆಗೆ ಮರಳಿದಾಗ ಇಮಾಮಸಾಬ ಬಚ್ಚಲಿನ ನೆಲದ ಮೇಲೆ ಬಿದ್ದಿದ್ದರು. ತೊಡೆಯ ಕೀಲು ಮುರಿದಿತ್ತು. ಎಡಗೈಯಲ್ಲಿ ಫೋನಿತ್ತು. ಹದಿನಾಲ್ಕು ಮನೆಗೆ ಕರೆ ಮಾಡಿದ್ದರು. ಮೊದಲನೆಯದು ಕಸ್ತೂರಿಯವರಿಗೆ. ಒಂದೂ ಹತ್ತು ಸೆಕೆಂಡು ದಾಟಿರಲಿಲ್ಲ.

ಈ ಸಲ ಆಸ್ಪತ್ರೆಯ ಕಾರಿಡಾರು ಖಾಲಿಯಾಗಿತ್ತು. ಯಂತ್ರ ಸರದಿ ಕೂರಲು ಮನೆಮನೆಗೆ ಕರೆ ಮಾಡಿತು, ಜನ ಕತ್ತರಿಸಿದರು. ವಿಷಯ ಬಾಯಿಂದ ಬಾಯಿಗೆ ಹರಡಿದ ಮೇಲೆ ಒಬ್ಬೊಬ್ಬರೇ ಬಂದರು. ತಾಯವ್ವ ಮಂಚದ ಕಾಲು ಹಿಡಿದು ಅತ್ತರು. ಎಲ್ಲರೂ ಹೇಳಿದ್ದು ಒಂದೇ: ಯಂತ್ರ ಅಂದುಕೊಂಡೆವು, ನೀವು ಅಂತ ಗೊತ್ತಾಗಲಿಲ್ಲ. ಇಮಾಮಸಾಬ ಪ್ರತಿಯೊಬ್ಬರಿಗೂ ಎಡಗೈ ಎತ್ತಿ, ಇರಲಿ ಎಂಬಂತೆ ಆಡಿಸಿದರು. ಇನ್ನು ನಡೆಯುವುದು ಕಷ್ಟ, ಬೇಗ ಕರೆತಂದಿದ್ದರೆ ಬೇರೆ ಮಾತಾಗುತ್ತಿತ್ತು ಎಂದು ವೈದ್ಯರು ಹೇಳಿದ್ದರು.

ಸುನೀತಿ ಕೆಲಸ ಬಿಟ್ಟಳು ಎಂಬ ಸುದ್ದಿ ಆ ವಾರವೇ ಬಂತು. ಗೋದಾಮಿನಲ್ಲಿ ಅವಳ ಜಾಗಕ್ಕೆ ಇನ್ನಿಬ್ಬರು ಬಂದಿದ್ದರು. ಹೊಸ ನೂರ ನಲವತ್ತು ಬಡಾವಣೆಗಳಲ್ಲಿ ದನಿ ಕೊಡುವವರ ಆಯ್ಕೆ ನಡೆದಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಬೀಬಿಜಾನ ಚಹಾ ತರಲು ಹೋದಾಗ ವಾರ್ಡಿನಲ್ಲಿ ಇಮಾಮಸಾಬ, ಕಸ್ತೂರಿಯವರು ಇಬ್ಬರೇ ಉಳಿದರು. ಮನೆಮನೆಗೆ ಹೋಗಿ ಇಲ್ಲ ಎಂದು ಕಲಿಸಿದವಳು ತಾನೇ ಎಂದು ಕಸ್ತೂರಿಯವರು ಆಗಲೇ ಹೇಳಿಯಾಗಿತ್ತು. ಇಮಾಮಸಾಬ ಕಿಟಕಿಯ ಕಡೆ ನೋಡುತ್ತಿದ್ದರು. ಕಣ್ಣು ಅಲ್ಲೇ ಇಟ್ಟು ಕೇಳಿದರು.

“ಅಕ್ಕಾರ… ನೀವು ಮಂದಿ ದನಿ… ಚಲೋ ತಿಳೀತೀರಿ. ಅವತ್ತು… ನಿಮಗೂ ಗೊತ್ತಾಗಲಿಲ್ಲೇನ್ರಿ?”

ಗೊತ್ತಾಗಲಿಲ್ಲ ಎಂದರೆ ಮುಗಿಯುತ್ತಿತ್ತು. ಎಲ್ಲರೂ ಅದನ್ನೇ ಹೇಳಿದ್ದರು, ಇಮಾಮಸಾಬ ಎಲ್ಲರನ್ನೂ ನಂಬಿದ್ದರು. ಉಳಿದವರು ಹೆಸರು ಕಂಡ ಕೂಡಲೇ, ಮೊದಲ ಶಬ್ದಕ್ಕೇ ಕತ್ತರಿಸಿದ್ದರು. ಕಸ್ತೂರಿಯವರು ಕೊನೆಯವರೆಗೂ ಕೇಳಿದ್ದರು. ಯಂತ್ರದ ಇಮಾಮಸಾಬ ತೊದಲುತ್ತಿರಲಿಲ್ಲ. ಅಂದಿನ ದನಿ ತೊದಲಿತ್ತು, ನಡುವೆ ನೋವಿನ ಉಸಿರಿತ್ತು. ಹಲಗೆಯ ಮೇಲೆ ಚಾಕು ನಿಂತ ಆ ಗಳಿಗೆಯಲ್ಲಿ ಅವರಿಗೆ ಅದು ತಿಳಿದಿತ್ತು. ತಿಳಿದೂ, ಈಗಾಗಲೇ ಇಲ್ಲ ಎಂದಾಗಿದೆ, ಏನೋ ಸಣ್ಣ ಕೆಲಸವಿರಬೇಕು, ಆಮೇಲೆ ನೋಡಿದರಾಯಿತು ಎಂದು ಹೀರೇಕಾಯಿ ಹೆಚ್ಚಿದ್ದರು.

“ಗೊತ್ತಾಗಿತ್ತು ಇಮಾಮಣ್ಣ,” ಎಂದರು ಕಸ್ತೂರಿಯವರು.

ಇಮಾಮಸಾಬ ಅವರ ಕಡೆ ತಿರುಗಲಿಲ್ಲ. ಕಾರಿಡಾರಿನಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಅದರ ಸದ್ದು ದೂರವಾಗುವವರೆಗೂ ಅವರು ಕಾದರು.

“ಆತು ಬಿಡ್ರಿ,” ಎಂದರು. “ಒಬ್ಬರಿಗಾದ್ರೂ… ನನ್ನ ಗುರುತ ಸಿಕ್ಕಿತ್ತಲ್ಲ.”